ವಕೀಲರ ಮನೆಯ ಬೀಗದ ಫೋನು

ನಮ್ಮ ಮನೆಯಲ್ಲಿ ಹದಿನಾಲ್ಕು ಫೋನುಗಳಿವೆ. ಒಂದರಿಂದಲೂ ಹೊರಗಿನ ಯಾರಿಗೂ ಕರೆ ಹೋಗುವುದಿಲ್ಲ. ಯಾರ ಜೊತೆಗಾದರೂ ಮಾತಾಡಬೇಕಾದರೆ ನಾನೂ ಎಲ್ಲರ ಹಾಗೆ ಮೊಬೈಲು ಹುಡುಕಬೇಕು. ಅದು ಹೆಚ್ಚಾಗಿ ಸಿಗುವುದು ಸ್ಕ್ರೂಡ್ರೈವರುಗಳ ಡಬ್ಬಿಯಲ್ಲಿ.

ಹದಿನಾಲ್ಕೂ ಬೆರಳು ತೂರಿಸಿ ಗರ್‍ರನೆ ತಿರುಗಿಸುವ ಹಳೇ ಫೋನುಗಳು. ಕಪ್ಪು ಒಂಬತ್ತು, ಹಸಿರು ಮೂರು, ಕೆಂಪು ಒಂದು, ಒಂದಕ್ಕೆ ಹಳಸಿದ ಹಾಲಿನ ಬಣ್ಣ. ಎಲ್ಲವನ್ನೂ ನಾನೇ ಬಿಚ್ಚಿ, ಉಜ್ಜಿ, ಬೆಸುಗೆ ಹಾಕಿ ಎಬ್ಬಿಸಿ ಕೂರಿಸಿದ್ದೇನೆ. ಬ್ಯಾಟರಿ ಕೊಟ್ಟರೆ ಒಂದರಿಂದ ಇನ್ನೊಂದಕ್ಕೆ ಮಾತು ದಾಟುತ್ತದೆ. ಆದರೆ ನಮ್ಮ ಮನೆಯ ಪಡಸಾಲೆಯಿಂದ ಅಡುಗೆಮನೆಗೆ ಫೋನು ಮಾಡುವಷ್ಟು ದೂರವಿಲ್ಲ, ಕೂಗಿದರೆ ಸಾಕು. ಈಚೆಗೆ ಗೋಡೆಯ ಮೇಲೆ ಬಂದು ಕೂತಿರುವ ಹೊಸ ಇಂಟರ್‌ನೆಟ್ ಪೆಟ್ಟಿಗೆಗೆ ಇವುಗಳ ಭಾಷೆ ತಿಳಿಯುವುದಿಲ್ಲ. ಹೀಗಾಗಿ ಸಂಪೂರ್ಣ ಆರೋಗ್ಯವಾಗಿದ್ದೂ ನಿರುದ್ಯೋಗಿಗಳಾದ ಹದಿನಾಲ್ಕು ಜನರನ್ನು ಸಾಕಿದ ಹಾಗೆ ಇವನ್ನು ಇಟ್ಟುಕೊಂಡಿದ್ದೇನೆ. ನಮ್ಮ ಅತ್ತೆಯವರು ಮನೆಗೆ ಬಂದವರಿಗೆಲ್ಲ ಹೇಳುವುದು ಒಂದೇ ಮಾತು: “ಬೇರೆಯವರ ಮನೇಲಿ ಡೆಡ್ ಆದದ್ದನ್ನೆಲ್ಲ ಇವಳು ನಮ್ಮನೆಗೆ ತರೂದು.”

ನಾನು ಹೊನ್ನಾವರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವಳು. ಈ ಹುಚ್ಚು ಹತ್ತಿದ್ದು ಒಂದು ಪಾಠದಿಂದ. ವಿದ್ಯುತ್ಕಾಂತದ ಬಗ್ಗೆ ಹೇಳುವಾಗ ತೋರಿಸಲು ಒಂದು ಫೋನಿನ ಗಂಟೆ ಬೇಕಿತ್ತು. ಕಾಸರಕೋಡಿನ ದೋಣಿ ಮಾಲಕರೊಬ್ಬರ ಮನೆಯ ಅಟ್ಟದಲ್ಲಿ ಒಂದು ಕರಿಯ ಫೋನು ಬಿದ್ದಿದೆಯೆಂದು ತಿಳಿದು ಹೋಗಿ ತಂದೆ. ಮಣಭಾರದ ಅದನ್ನು ಬಿಚ್ಚಿದರೆ ಒಳಗೆ ಒಣಗಿದ ಸಿಗಡಿಯ ವಾಸನೆ. ಅಟ್ಟದಲ್ಲಿ ಅದರ ನೆರೆಹೊರೆ ಯಾರೆಂದು ಬೇರೆ ಹೇಳಬೇಕಾಗಿರಲಿಲ್ಲ. ಸ್ಪಿರಿಟ್ ಹಾಕಿ ಒರೆಸಿದೆ, ಬಿಸಿಲಿಗಿಟ್ಟೆ; ಈಗಲೂ ಮಳೆಗಾಲದಲ್ಲಿ ಅದರ ಹತ್ತಿರ ಮೂಗು ಕೊಂಡುಹೋದರೆ ಮೀನುಪೇಟೆಗೆ ಹೋದ ಹಾಗಾಗುತ್ತದೆ. ಆದರೆ ಎರಡು ತಿಂಗಳ ಮೇಲೆ ಒಂದು ದಿನ ಅದರ ಗಂಟೆ ತರಗತಿಯಲ್ಲಿ ಟ್ರಿಣ್ ಟ್ರಿಣ್ ಎಂದಾಗ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಕೂಡ ಎದ್ದು ಕೂತರು. ಇಪ್ಪತ್ತೈದು ವರ್ಷ ಪಾಠ ಮಾಡಿ ನಾನು ಕಾಣದ ಜಯ ಅದು. ಅಂದಿನಿಂದ ಬಿಡಲಾಗಲಿಲ್ಲ.

ಆಮೇಲಿನವು ಹೆಚ್ಚಾಗಿ ಭಟ್ಕಳದ ಗುಜರಿ ಅಂಗಡಿಯಿಂದ ಬಂದವು. ಅಂಗಡಿಯ ಹನೀಫ್ ಭಾಯಿಗೆ ನಾನು ಗಿರಾಕಿಗಿಂತ ಹೆಚ್ಚಾಗಿ ಒಂದು ಸಮಸ್ಯೆ. “ಇದ್ರಲ್ಲಿ ಎಂತ ಉಂಟು ಟೀಚರ್? ತಾಮ್ರ ತೆಗೆದ್ರೆ ಒಂದು ಮುಷ್ಟಿ ಇಲ್ಲ. ಜನ ಎಸೀತಾರೆ, ನೀವು ಒರೆಸ್ತೀರಿ,” ಎಂದು ಮರುಗುತ್ತಾರೆ. ಆದರೂ ಫೋನು ಬಂದರೆ ಸುತ್ತಿಗೆ ಹೊಡೆಯದೆ ಬದಿಗಿಟ್ಟಿರುತ್ತಾರೆ. ನನ್ನ ಕಾಯಿಲೆಗೆ ಅವರು ಪಥ್ಯ ಹೇಳುವವರಲ್ಲ.

ಬಿಚ್ಚಿ ನೋಡಿದಷ್ಟೂ ಈ ಯಂತ್ರದ ಸರಳತನಕ್ಕೆ ನನಗೆ ಬೆರಗು. ಡಯಲು ತಿರುಗಿಸಿ ಬಿಟ್ಟಾಗ ಅದು ಹಿಂದಕ್ಕೆ ಬರುತ್ತಾ ಲೈನಿನ ಕರೆಂಟನ್ನು ಕಡಿಯುತ್ತ ಬರುತ್ತದೆ. ಮೂರು ತಿರುಗಿಸಿದರೆ ಮೂರು ಸಲ, ಒಂಬತ್ತಕ್ಕೆ ಒಂಬತ್ತು ಸಲ, ಸೊನ್ನೆಗೆ ಹತ್ತು ಸಲ. ಆ ಕಡೆಯ ಎಕ್ಸ್‌ಚೇಂಜು ಅದನ್ನು ಎಣಿಸಿಕೊಳ್ಳುತ್ತದೆ, ಅಷ್ಟೇ. ಡಯಲು ಮಾಡುವ ಕೆಲಸವನ್ನೇ ಬೇರೆ ರೀತಿಯಲ್ಲೂ ಮಾಡಬಹುದು: ರಿಸೀವರನ್ನು ಇಟ್ಟಾಗ ಒಳಗೆ ಹೋಗುವ ಎರಡು ಗುಂಡಿಗಳಿವೆಯಲ್ಲ, ಅವನ್ನು ಬೆರಳಿನಿಂದ ಟಕ್ ಟಕ್ ಎಂದು ಲೆಕ್ಕ ಹಿಡಿದು ಒತ್ತಿದರೂ ಎಕ್ಸ್‌ಚೇಂಜಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೈ ಮಾತ್ರ ಒಂದೇ ಲಯದಲ್ಲಿರಬೇಕು. ಇಂಥ ಆಟೋಮ್ಯಾಟಿಕ್ ಎಕ್ಸ್‌ಚೇಂಜನ್ನು ಕಂಡುಹಿಡಿದವನು ಹೆಣ ಹೂಳುವ ವ್ಯಾಪಾರದವನಂತೆ. ಊರಿನ ಆಪರೇಟರಮ್ಮ ತನ್ನ ಗಿರಾಕಿಗಳ ಕರೆಯನ್ನೆಲ್ಲ ಎದುರು ಪಾರ್ಟಿಗೆ ಕೊಡುತ್ತಾಳೆಂಬ ಸಿಟ್ಟಿನಲ್ಲಿ ಮಾಡಿದನಂತೆ. ಎಲ್ಲೋ ಓದಿದ್ದು, ನಿಜವೋ ಸುಳ್ಳೋ, ನನಗಂತೂ ಇಷ್ಟ. ಯಂತ್ರ ಗುಟ್ಟು ಬಿಡುವುದಿಲ್ಲ ಎಂಬುದು ಅವನ ನಂಬಿಕೆ. ಯಂತ್ರವೂ ಗುಟ್ಟು ಬಿಡುತ್ತದೆ, ನನ್ನಂಥವಳ ಕೈಗೆ ಸಿಕ್ಕರೆ. ಈಗ ಹೇಳಹೊರಟದ್ದು ಅದನ್ನೇ.

ಕಳೆದ ವರ್ಷ ಕುಮಟೆಯಿಂದ ನನಗೊಂದು ಕಾಗದ ಬಂತು. ನಿವೃತ್ತ ವಕೀಲರೊಬ್ಬರು ಬರೆದದ್ದು. ಮೇಲೆ ‘ವಿಷಯ: ಹಳೆಯ ದೂರವಾಣಿಯ ಬಗ್ಗೆ’ ಎಂದು ಗೆರೆ ಎಳೆದಿತ್ತು. ತಮ್ಮ ಬಳಿ ಬೀಗ ಹಾಕಿದ ಫೋನೊಂದಿದೆ, ಕೀಲಿ ಕಳೆದುಹೋಗಿದೆ, ಬೀಗಕ್ಕೆ ಧಕ್ಕೆಯಾಗದಂತೆ ತೆರೆದು ದುರಸ್ತಿ ಮಾಡಿ ಒಮ್ಮೆ ತೋರಿಸುವುದಾದರೆ ಆಮೇಲೆ ಅದನ್ನು ನಿಮಗೇ ಕೊಡಲು ಅಭ್ಯಂತರವಿಲ್ಲ, ಎಂದು ಮೂರು ಕಲಮುಗಳಲ್ಲಿ ತಿಳಿಸಿದ್ದರು. ಆ ಭಾನುವಾರವೇ ಬಸ್ಸು ಹತ್ತಿದೆ.

ವಕೀಲರಿಗೆ ಎಂಬತ್ತನಾಲ್ಕು. ತೆಳ್ಳಗೆ, ನೆಟ್ಟಗೆ, ಜಗಲಿಯ ಕುರ್ಚಿಯಲ್ಲಿ ಕೂತರೂ ಕೋರ್ಟಿನಲ್ಲಿ ನಿಂತ ಹಾಗೆ. ಅವರ ಹೆಂಡತಿ ಮಾದೇವಕ್ಕನಿಗೆ ಎಪ್ಪತ್ತೆಂಟು; ಮಾತು ಕಡಿಮೆ, ನಗು ಜಾಸ್ತಿ. ತವರು ಕತಗಾಲವಂತೆ. ನನಗೆ ಕಷಾಯ ತಂದುಕೊಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ಫೋನು ಮೇಜಿನ ಮೇಲಿತ್ತು. ಕಪ್ಪಗೆ ಮಿಂಚುತ್ತಿತ್ತು. ಡಯಲಿನ ಒಂದು ತೂತಿನಲ್ಲಿ ಕಿರುಬೆರಳಿನ ತುದಿಯಷ್ಟು ದೊಡ್ಡ ಬೀಗ. ಅಂಥ ಬೀಗ ನೀವೂ ನೋಡಿರಬಹುದು. ಕರೆ ಬಂದರೆ ಎತ್ತಿ ಮಾತಾಡಬಹುದು, ಕರೆ ಮಾಡಲು ಮಾತ್ರ ಆಗದು. ಊರಿನಲ್ಲಿ ನಾಲ್ಕೇ ಮನೆಗೆ ಫೋನಿದ್ದ ಕಾಲದಲ್ಲಿ ಬಂದವರೆಲ್ಲ ‘ಒಂದು ಫೋನು ಮಾಡಿಕೊಳ್ತೇನೆ’ ಎನ್ನುತ್ತಿದ್ದರು. ಅದಕ್ಕೆ ಇದು ಮದ್ದು.

“ಕೀಲಿ ಎಲ್ಲಿ ಹೋಯಿತು?” ಎಂದು ಕೇಳಿದೆ.

“ನನ್ನ ಜನಿವಾರದಲ್ಲೇ ಇತ್ತು,” ಎಂದರು ವಕೀಲರು. “ಸ್ನಾನ ಮಾಡುವಾಗಲೂ ಬಿಚ್ಚಿದವನಲ್ಲ. ಒಂದು ವರ್ಷ ನೂಲುಹುಣ್ಣಿಮೆಗೆ ಹೊಸ ಜನಿವಾರ ಹಾಕಿ, ಹಳೇದನ್ನು ಹೊಳೆಗೆ ಬಿಟ್ಟೆ. ಕೀಲಿಯೂ ಅದರ ಜೊತೆಗೇ ಹೋಯಿತು. ಅಷ್ಟರಲ್ಲಿ ಗುಂಡಿ ಒತ್ತುವ ಹೊಸ ಫೋನು ಬಂದಿತ್ತು, ಹಾಗಾಗಿ ಯಾರಿಗೂ ತೊಂದರೆ ಆಗಲಿಲ್ಲ.” ನಂತರ ಫೋನಿನ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ಟೀಚರೇ, ಇದು ಬಂದಾಗಿನಿಂದ ಹೋಗುವವರೆಗೆ ನನ್ನ ಅನುಮತಿ ಇಲ್ಲದೆ ಈ ಮನೆಯಿಂದ ಒಂದೇ ಒಂದು ಕರೆ ಹೊರಗೆ ಹೋದದ್ದಿಲ್ಲ. ಬೀಗ ಒಡೀಬೇಡಿ ಅಂದದ್ದು ಅದಕ್ಕೇ.”

ಚೌಕಟ್ಟಿಗೆ ಒರಗಿದ್ದ ಮಾದೇವಕ್ಕ ಒಳಗೆ ಹೋದರು. ಒಲೆಯ ಮೇಲೆ ಏನೋ ಇಟ್ಟಿರಬೇಕೆಂದುಕೊಂಡೆ.

ಮನೆಗೆ ತಂದು ಬಿಚ್ಚಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಷ್ಟೆಲ್ಲ ಬಿಗುಮಾನದ ಆ ಬೀಗ ಡಯಲಿನ ನಡುವಿನ ಒಂದು ಸ್ಕ್ರೂ ತೆಗೆದರೆ ತಟ್ಟೆಯ ಸಮೇತ ಕೈಗೆ ಬರುತ್ತದೆ. ಒಳಗೆ ನೋಡಿದೆ. ಡಯಲಿನ ಹಲ್ಲುಗಳು ಹೊಸದರಂತಿದ್ದವು. ವಕೀಲರು ಹೇಳಿದ್ದು ನಿಜ, ಅದನ್ನು ಹೆಚ್ಚು ತಿರುಗಿಸಿರಲಿಲ್ಲ. ಆದರೆ ರಿಸೀವರ್ ಇಡುವಲ್ಲಿನ ಗುಂಡಿಗಳ ಕೆಳಗೆ ಬೇರೆಯೇ ಕಥೆ. ಕರೆಂಟು ಕೂಡಿಸುವ ತಗಡಿನ ಎಲೆಗಳು ಸೋತು ಬಾಗಿದ್ದವು. ತಾಗುವ ತುದಿಗಳಲ್ಲಿ ಸುಟ್ಟು ಸುಟ್ಟು ಗುಳಿ ಬಿದ್ದಿತ್ತು. ಎರಡು ಗುಂಡಿಗಳಲ್ಲಿ ಒಂದರ ತಲೆ ಮಾತ್ರ, ನಮ್ಮ ಹಿರಿಯರ ಅರೆಯುವ ಕಲ್ಲಿನ ಹಾಗೆ, ನುಣ್ಣಗೆ ಸವೆದಿತ್ತು. ರಿಸೀವರ್ ಇಟ್ಟರೆ ಎರಡೂ ಸಮನಾಗಿ ಸವೆಯಬೇಕು. ಇದು ಬೆರಳಿನ ಸವಕಳಿ. ನನ್ನ ಹದಿನಾಲ್ಕರಲ್ಲಿ ಯಾವುದರಲ್ಲೂ ಇಂಥದ್ದನ್ನು ನೋಡಿರಲಿಲ್ಲ.

ಇಲ್ಲಿ ನಾನು ಒಂದು ಕ್ಷಣ ಯೋಚಿಸಬೇಕಿತ್ತು. ಯಾರ ಬೆರಳು, ಯಾಕೆ, ಎಂದು. ಯೋಚಿಸಲಿಲ್ಲ. ಯಂತ್ರ ಬಿಚ್ಚಿ ಕೂತಾಗ ನನಗೆ ಯಂತ್ರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎಲೆಗಳನ್ನು ಬದಲಾಯಿಸಿ, ವಯರು ಹೊಸದು ಹಾಕಿ, ಗಂಟೆಗೆ ಎಣ್ಣೆ ಬಿಟ್ಟು, ಎರಡು ವಾರದ ಮೇಲೆ ಭಾನುವಾರ ಬೆಳಿಗ್ಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಮಟೆಗೆ ಹೋದೆ.

ವಕೀಲರಿಗೆ ವರದಿ ಎಂದರೆ ಪ್ರೀತಿ. ಕನ್ನಡಕ ಏರಿಸಿ ಕೂತರು. ನಾನೂ ಪ್ರಯೋಗದ ರೆಕಾರ್ಡು ಓದುವವಳ ಹಾಗೆ ಶುರು ಮಾಡಿದೆ: ಗಂಟೆ ಸರಿ ಇದೆ, ಡಯಲು ಹೊಸದರಂತಿದೆ, ಬೀಗಕ್ಕೆ ಒಂದು ಗೀರೂ ಆಗಿಲ್ಲ.

“ಆದರೆ ಈ ಗುಂಡಿ ಮಾತ್ರ ಪೂರ್ತಿ ಸವೆದಿತ್ತು,” ಎಂದೆ.

“ಯಾಕೆ?” ಎಂದರು.

ಅಧ್ಯಾಪಕಿಯ ಎದುರು ಯಾರೂ ಯಾಕೆ ಎನ್ನಬಾರದು. ನಾನು ಖುಷಿಯಿಂದ ಎದ್ದು ನಿಂತು ಪಾಠ ಮಾಡಿದೆ. ಡಯಲು ಕರೆಂಟು ಕಡಿಯುವುದನ್ನು ಹೇಳಿದೆ, ಅದೇ ಕೆಲಸ ಗುಂಡಿಯಿಂದಲೂ ಆಗುವುದನ್ನು ಹೇಳಿದೆ, ಬೆರಳಿನಿಂದ ಟಕ್ ಟಕ್ ಎಂದು ಆರು ಸಲ ಒತ್ತಿ, “ನೋಡಿ, ಈಗ ಆರು ಹೊಡೆದ ಹಾಗಾಯಿತು. ಬೀಗ ಇದ್ದರೂ ಅಡ್ಡಿಲ್ಲ,” ಎಂದು ತಲೆಯೆತ್ತಿದೆ.

ಬಾಗಿಲಲ್ಲಿ ಮಾದೇವಕ್ಕ ಕಷಾಯದ ಲೋಟ ಹಿಡಿದು ನಿಂತಿದ್ದರು. ಅವರು ನೋಡುತ್ತಿದ್ದುದು ನನ್ನ ಬೆರಳನ್ನು. ಅವರ ಮುಖ ನೋಡಿದ ಮೇಲೆ ನನಗೆ ಎಲ್ಲ ತಿಳಿಯಿತು. ಬಾಯಿಂದ ಹೋದ ಪಾಠವನ್ನು ಹಿಂದಕ್ಕೆ ಕರೆಯಲು ಆಗುವುದಿಲ್ಲ.

“ಅಂದರೆ ಎಂತ ಅರ್ಥ, ಟೀಚರೇ?” ವಕೀಲರು ನಿಧಾನವಾಗಿ ಕೇಳಿದರು.

“ಏನಿಲ್ಲ... ಉಪ್ಪುಗಾಳಿ. ಸಮುದ್ರ ಹತ್ತಿರ ಅಲ್ಲವಾ, ತುಕ್ಕು ಹಿಡಿದಿರಬೇಕು.”

“ಉಪ್ಪುಗಾಳಿ ಡಯಲನ್ನು ಬಿಟ್ಟು ಗುಂಡಿಯನ್ನು ಮಾತ್ರ ತಿನ್ನುತ್ತದೆಯೋ?”

“ಒಂದೊಂದು ಸಲ...”

“ಎರಡು ಗುಂಡಿ ಇದ್ದದ್ದರಲ್ಲಿ ಒಂದನ್ನು?”

ನಲವತ್ತು ವರ್ಷ ಪಾಟೀಸವಾಲು ಮಾಡಿದ ಬಾಯಿ. ಆಗ ಮಾದೇವಕ್ಕ ಲೋಟವನ್ನು ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು: “ಈ ಟೀಚರ್ ತಂಗಿಗೆ ಎಂತಕ್ಕೆ ಕೇಳ್ತ್ರಿ? ಒತ್ತಿದ್ದು ನಾನು.”

ಅವರು ಕೂತು ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಮಾದೇವಕ್ಕನ ತಂಗಿ ಗೌರಿಯನ್ನೂ ಕುಮಟೆಗೇ ಕೊಟ್ಟಿದ್ದರು. ಅವಳ ಗಂಡನದು ಬಟ್ಟೆ ಅಂಗಡಿ. ಆತನಿಗೆ ಪಕ್ಕದವರ ಜೊತೆ ದಾರಿಯ ವಿಷಯದಲ್ಲಿ ಒಂದು ಕೇಸು ಬಂದಾಗ, ಮನೆಯಲ್ಲೇ ಷಡ್ಡಕ ವಕೀಲನಿದ್ದರೂ, ಸಂಬಂಧದಲ್ಲಿ ವ್ಯವಹಾರ ಬೇಡವೆಂದೋ ಏನೋ, ಬೇರೆ ವಕೀಲರ ಹತ್ತಿರ ಹೋದ. ನಮ್ಮ ವಕೀಲರಿಗೆ ಅದು ಕೋರ್ಟಿನ ನಡುವೆ ಕೋಟು ಎಳೆದ ಹಾಗಾಯಿತು. ಅಂದಿನಿಂದ ಎರಡು ಮನೆಗಳ ನಡುವೆ ಹೊಕ್ಕುಬಳಕೆ ನಿಂತಿತು. ಅರ್ಧ ಮೈಲು ದೂರದಲ್ಲಿದ್ದ ಅಕ್ಕತಂಗಿಯರು ಹನ್ನೊಂದು ವರ್ಷ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ.

ಆ ಜಗಳದ ಹೊಸದರಲ್ಲೇ ಒಮ್ಮೆ ಫೋನು ಕೆಟ್ಟು ಲೈನ್‌ಮ್ಯಾನ್ ಬಂದ. ವಕೀಲರು ಕೀಲಿಯ ಸಮೇತ ಕೋರ್ಟಿನಲ್ಲಿ. ಆತ “ಬೀಗ ಇದ್ರೆ ಎಂತ ಆತು ಅಮ್ಮಾ,” ಎಂದು ಗುಂಡಿ ತಟ್ಟಿ ಎಕ್ಸ್‌ಚೇಂಜಿಗೆ ಮಾತಾಡಿ, ಮಜ್ಜಿಗೆ ಕುಡಿದು ಹೋದ. ಮಾದೇವಕ್ಕ ನೋಡಿಕೊಂಡರು. ಮರುದಿನ ಮಧ್ಯಾಹ್ನ ಗೌರಿಯ ನಂಬರನ್ನು ತಟ್ಟಿದರು.

“ಅವಳ ನಂಬರಲ್ಲಿ ಎರಡು ಒಂಬತ್ತು,” ಎಂದರು ನನ್ನ ಕಡೆ ತಿರುಗಿ. “ಒಂದು ತಟ್ಟು ತಪ್ಪಿದ್ರೆ ಅಕ್ಕಿ ಮಿಲ್ಲಿಗೆ ಹೋಗ್ತಿತ್ತು. ಮಿಲ್ಲಿನ ಗುಮಾಸ್ತರಿಗೆ ನನ್ನ ಸ್ವರ ಗುರ್ತ ಆಗಿತ್ತು. ‘ಮತ್ತೆ ಇಲ್ಲಿಗೇ ಬಂತು ಅಮ್ಮಾ, ಇನ್ನೊಮ್ಮೆ ನೋಡಿ’ ಅಂತಿದ್ರು ಪಾಪ. ಒಂದು ದಿನಾನೂ ಸಿಟ್ಟು ಮಾಡಲಿಲ್ಲ.”

ಊರೊಳಗಿನ ಕರೆಗಳ ವಿವರ ಆಗ ಬಿಲ್ಲಿನಲ್ಲಿ ಬರುತ್ತಿರಲಿಲ್ಲ. ಹನ್ನೊಂದು ವರ್ಷ, ಕೋರ್ಟಿನ ಕೆಲಸದ ದಿನಗಳಲ್ಲಿ, ಊಟದ ಹೊತ್ತಿಗೆ.

ವಕೀಲರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಾನಿರುವುದನ್ನು ಇಬ್ಬರೂ ಮರೆತಿದ್ದರು. ಮಾತು ಮನೆಮಾತಿಗೆ ತಿರುಗಿತು.

“ಒಂದು ಮಾತು ಕೇಳಿದ್ರೆ ಆಗ್ತಿತ್ತಿಲ್ಯ?” ಎಂದರು ವಕೀಲರು.

“ಕೇಳಿದ್ರೆ ಬ್ಯಾಡ ಹೇಳ್ತಿದ್ರಿ. ಬ್ಯಾಡ ಹೇಳಿದ ಮೇಲೆ ಮಾಡಿದ್ರೆ ನಿಮ್ಮ ಮಾತು ಮೀರಿದಾಂಗೆ ಆಗ್ತಿತ್ತು. ಅದ್ಕೇ ಕೇಳಿದ್ದಿಲ್ಲೆ.”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಹೆಂಡತಿಯೂ ಒಂದಿಷ್ಟು ಕಾನೂನು ಓದಿಕೊಂಡಿದ್ದಾಳೆಂದು ವಕೀಲರಿಗೆ ಅಂದೇ ಗೊತ್ತಾದದ್ದು.

“ದಿನಾ ಎಂತ ಮಾತಾಡ್ತಿದ್ರಿ ಇಬ್ರೂ?”

“ಎಂತದೂ ಇಲ್ಲೆ. ಅಡುಗೆ ಎಂತ, ದನ ಕರು ಹಾಕ್ತಾ, ಅಷ್ಟೇಯ.” ಮಾದೇವಕ್ಕ ಫೋನಿನ ಕಡೆ ನೋಡಿದರು. “ಖುಷಿ ಸುದ್ದಿ ಕೇಳಿದ್ರೆ ನಿಮ್ಗೆ ಹೇಳ್ದೆ ತಡಕಳಲೆ ಆಗ್ತಿತ್ತು. ಕಷ್ಟ ಆದದ್ದು ಒಂದೇ ಸಲ. ಗೌರೀನ ಆಪರೇಷನ್‌ಗೆ ಮಂಗಳೂರಿಗೆ ಕರ್ಕಂಡು ಹೋದಾಗ.”

ಆ ಸುದ್ದಿ ತಟ್ಟಿದ ಫೋನಿನಲ್ಲಿ ಬಂದದ್ದು. ಎತ್ತಿದವಳು ಗೌರಿಯ ಅತ್ತೆ. ಜೀವಕ್ಕೆ ಅಪಾಯವಿದೆ ಎಂದಿದ್ದಳಂತೆ. ಮಾದೇವಕ್ಕ ಹೋಗಬೇಕು. ಹೋಗಬೇಕಾದರೆ ಗಂಡನಿಗೆ ಹೇಳಬೇಕು. ಹೇಳಿದರೆ, ನಿನಗೆ ಹೇಗೆ ತಿಳಿಯಿತು ಎನ್ನುತ್ತಾರೆ. ಎರಡು ದಿನ ಅವರು ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ದೋಸೆ ಹೊಯ್ದರು, ಬಡಿಸಿದರು, ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತರು. ಮೂರನೆಯ ದಿನ ಬೆಳಿಗ್ಗೆ ಹೂವಿನವಳು ಬಂದು ಹೋದ ಕೂಡಲೇ, ಹೂವಿನವಳು ಹೇಳಿದಳೆಂದು ಗಂಡನ ಮುಂದೆ ನಿಂತರು.

ವಕೀಲರು ಹೆಂಡತಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಅವರು ಹೇಳಿದ ಮಾತು ನನ್ನ ಎದೆಗೂ ತಾಗಿತು.

“ನಂಗೆ ಮೊದಲ ದಿನವೇ ಕೋರ್ಟಲ್ಲಿ ಗೊತ್ತಾಗಿತ್ತು. ಯಾರೋ ಹೇಳಿದ. ಹೊಕ್ಕುಬಳಕೆ ನಿಲ್ಲಿಸಿದವ ನಾನು. ಯಾವ ಬಾಯಲ್ಲಿ ಬಂದು ನಿಂಗೆ ಹೇಳೂದು? ನಾಳೆ ಹೇಳ್ತೆ, ನಾಳೆ ಹೇಳ್ತೆ ಅಂತ ಎರಡು ದಿನ ಹೋತು. ಹೂವಿನವಳು ಹೇಳಿತು ಅಂತ ನೀ ಬಂದು ನಿಂತಾಗ ಹೂವಿನವಳ ಕಾಲಿಗೆ ಬೀಳನ ಅಂತ ಕಂಡಿತ್ತು.”

ಮಾದೇವಕ್ಕ ಗಂಡನ ಕಡೆ ತಿರುಗಿದರು. “ಅದ್ಕೇಯಾ ಎರಡು ದಿನ ಊಟ ಬಿಟ್ಟದ್ದು? ನಾನು ಹಲಸಿನ ಹಪ್ಪಳ ಅಜೀರ್ಣ ಆತು ಹೇಳಿ ಶುಂಠಿ ಕಷಾಯ ಮಾಡಿಕೊಟ್ಟಿ.”

“ಕುಡಿದ್ನಲೆ,” ಎಂದರು ವಕೀಲರು.

ಒಂದೇ ಮನೆಯಲ್ಲಿ, ಒಂದೇ ಸುದ್ದಿಯನ್ನು ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಮುಚ್ಚಿಟ್ಟುಕೊಂಡು, ಎರಡು ದಿನ ಎದುರುಬದುರು ಕೂತಿದ್ದವರು. ಮಂಗಳೂರಿಗೆ ಇಬ್ಬರೂ ಹೋದರು. ಆಸ್ಪತ್ರೆಯ ಬೆಂಚಿನ ಮೇಲೆ ಷಡ್ಡಕರಿಬ್ಬರೂ ಮೊದಲು ಸುಮ್ಮನೆ ಕೂತು, ಆಮೇಲೆ ಚಾ ಕುಡಿದು, ಸಂಜೆಯ ಹೊತ್ತಿಗೆ ಮಾತಾಡಿದರು. ಗೌರಿ ಉಳಿದಳು. ಈಗಲೂ ಇದ್ದಾಳೆ, ಗಟ್ಟಿಯಾಗಿದ್ದಾಳೆ. ಜಗಳ ಮುಗಿದು ಎಷ್ಟೋ ವರ್ಷವಾಗಿದೆ. ಆದರೆ ಆ ಎರಡು ದಿನದ ಮಾತನ್ನು ಮಾತ್ರ ಇಬ್ಬರೂ ಅಂದಿನವರೆಗೆ ಆಡಿರಲಿಲ್ಲ.

ವಕೀಲರು ಎದ್ದು ಒಳಗೆ ಹೋದರು. ಹಿತ್ತಿಲ ಬಾಗಿಲು ತೆರೆದ ಸಪ್ಪಳವಾಯಿತು. ಮಾದೇವಕ್ಕ ನನ್ನ ಲೋಟ ತೆಗೆದುಕೊಂಡು, “ತಣಿದು ಹೋತು, ಬಿಸಿ ಮಾಡಿ ಕೊಡ್ತೇನೆ ತಂಗೀ,” ಎಂದರು. ಬೇಡವೆಂದು ಎದ್ದೆ. “ತಪ್ಪಾಯಿತು ಮಾದೇವಕ್ಕ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು,” ಎಂದೆ. ಅವರು ನನ್ನ ಕೈಯನ್ನೊಮ್ಮೆ ಹಿಡಿದು ಬಿಟ್ಟರು. ಫೋನು ಮೇಜಿನ ಮೇಲೆಯೇ ಉಳಿಯಿತು. ಅದನ್ನು ಕೇಳಿ ತರುವಷ್ಟು ಮುಖ ನನಗೆ ಉಳಿದಿರಲಿಲ್ಲ.

ಮುಂದಿನ ಎಂಟು ಹತ್ತು ದಿನ ನಾನು ಯಾವ ಫೋನನ್ನೂ ಬಿಚ್ಚಲಿಲ್ಲ. ಹನೀಫ್ ಭಾಯಿ ಒಂದು ನೀಲಿ ಬಣ್ಣದ್ದು ಬಂದಿದೆ ಎಂದು ಸುದ್ದಿ ಕಳಿಸಿದರೂ ಹೋಗಲಿಲ್ಲ. ನನ್ನ ಹವ್ಯಾಸ ಯಾರಿಗೂ ತೊಂದರೆ ಕೊಡದ ಹವ್ಯಾಸವೆಂದು ತಿಳಿದಿದ್ದೆ. ಹಳೆಯ ವಸ್ತುವನ್ನು ತೆರೆಯುವಾಗ ಅದನ್ನು ಬಳಸಿದವರನ್ನೂ ತೆರೆಯುತ್ತೇವೆ ಎಂಬುದು ಹದಿನಾಲ್ಕು ಫೋನು ಬಿಚ್ಚಿದ ಮೇಲೂ ನನ್ನ ತಲೆಗೆ ಹೋಗಿರಲಿಲ್ಲ. ಎಂಬತ್ತು ದಾಟಿದ ಮನುಷ್ಯನಿಗೆ ಅವನ ಮನೆಯ ಬಗ್ಗೆ ಪಾಠ ಮಾಡಲು ನಾನು ಯಾರು? ಅತ್ತೆಯವರು ಕೂಡ, “ಹುಷಾರಿಲ್ವಾ? ಎರಡು ಫೋನು ಬಿಚ್ಚಿ ಹರಡಿಕೊಂಡು ಕೂತ್ಕೋ, ಸರಿ ಆಗ್ತದೆ,” ಎಂದರು.

ಒಂದು ಮಧ್ಯಾಹ್ನ ಮೊಬೈಲು ಕೂಗಿತು. ವಕೀಲರು.

“ಟೀಚರೇ, ಆ ಫೋನು ನಿಮಗೆ ಕೊಡ್ತೇನೆ ಅಂತ ಲಿಖಿತದಲ್ಲಿ ಒಪ್ಪಿಕೊಂಡವ ನಾನು. ಈಗ ಕೊಡೂದಿಲ್ಲ. ಅಡ್ಡಿಲ್ಲವೋ?”

“ಅಡ್ಡಿಲ್ಲ, ಅಡ್ಡಿಲ್ಲ,” ಎಂದೆ. “ಮಾದೇವಕ್ಕ ಹೇಗಿದ್ದಾರೆ?”

“ಇಲ್ಲೇ ಕೂತಿದ್ದಾಳೆ. ಊಟ ಆದ್ಮೇಲೆ ದಿನಾ ನಾವಿಬ್ಬರೂ ಆ ಮೇಜಿನ ಹತ್ರ ಕೂರೂದು. ಹನ್ನೊಂದು ವರ್ಷ ಗೌರಿ ಹತ್ರ ಆಡಿದ್ದು, ನನ್ನ ಹತ್ರ ಆಡದ್ದು, ಒಂದೊಂದೇ ಹೇಳ್ತಿದ್ದಾಳೆ. ಅಡುಗೆ ಮಾತು ಅಂತ ಅಂದಿದ್ದಳಲ್ಲ, ಅಲ್ಲ ಅದು. ನನಗೆ ಗೊತ್ತೇ ಇಲ್ಲದ್ದು ಭಾಳ ಉಂಟು ಟೀಚರೇ. ನನ್ನ ಬಗ್ಗೆಯೇ ಉಂಟು.” ಅವರ ಸ್ವರದಲ್ಲಿ ದೂರು ಇತ್ತೋ ಹೆಮ್ಮೆ ಇತ್ತೋ ಹೇಳಲಾರೆ.

ಹಿಂದಿನಿಂದ ಮಾದೇವಕ್ಕನ ಸ್ವರ ಕೇಳಿತು: “ಮಾತು ಮುಗಿಸಿ. ಕಥೆ ಎಲ್ಲಿವರೆಗೆ ಬಂದಿತ್ತು ಹೇಳದು ಮರ್ತು ಹೋಗ್ತು.”

“ಇಡ್ತೇನೆ,” ಎಂದರು ವಕೀಲರು. “ಇವಳ ಸಾಕ್ಷಿ ಇನ್ನೂ ಮುಗಿಯಲಿಲ್ಲ.”

ನನಗೂ ಧೈರ್ಯ ಬಂತು. “ಪಾಟೀಸವಾಲು ಯಾವಾಗ ವಕೀಲರೇ?” ಎಂದು ಕೇಳಿದೆ.

“ಇಲ್ಲ ಟೀಚರೇ,” ಎಂದರು. “ಈ ಕೇಸಿನಲ್ಲಿ ನಾನು ಬರೀ ಕೇಳುವವ.”